ನಲವತ್ತು ಗಾಲಿಕುರ್ಚಿಯೋ, ವಾರಕ್ಕೆ ಎರಡು ದಿನದ ಮನೆಭೇಟಿಯೋ?

ಪಾಲಕರ ಸಂಘದ ಕಾರ್ಯದರ್ಶಿ, ಕಲಬುರಗಿ:

ಎಲ್ಲರಿಗೂ ಶರಣು. ನಮ್ಮದು ವಿಕಲಚೇತನ ಮಕ್ಕಳ ತಂದೆ–ತಾಯಿಗಳೇ ಸೇರಿ ಕಟ್ಟಿಕೊಂಡಿರುವ ಚಿಕ್ಕ ಸಂಸ್ಥೆ. ನಗರದಲ್ಲಿ ಬಾಡಿಗೆಯ ಎರಡು ಕೋಣೆಗಳಲ್ಲಿ ಹಗಲು ಹೊತ್ತಿನ ಕೇಂದ್ರವನ್ನು ನಡೆಸುತ್ತೇವೆ. ಸೆರೆಬ್ರಲ್ ಪಾಲ್ಸಿ (ಮಿದುಳಿನ ತೊಂದರೆಯಿಂದ ಮೈಯ ಚಲನೆ ಹಿಡಿತಕ್ಕೆ ಬಾರದಿರುವುದು), ಬೌದ್ಧಿಕ ವಿಕಲತೆ, ಆಟಿಸಂ ಇರುವ ಹತ್ತೊಂಬತ್ತು ಮಕ್ಕಳು ಬರುತ್ತಾರೆ. ಬರಲಾಗದವರು ಇದರ ಮೂರು ಪಟ್ಟು ಇದ್ದಾರೆ, ಅವರಲ್ಲಿ ಹೆಚ್ಚಿನವರು ಜೇವರ್ಗಿ, ಅಫಜಲಪುರ, ಆಳಂದ ತಾಲ್ಲೂಕುಗಳ ಹಳ್ಳಿಗಳಲ್ಲಿದ್ದಾರೆ.

ತೊಗರಿ ಬೇಳೆಯ ಮಿಲ್ಲಿನ ಮಾಲೀಕರೊಬ್ಬರು ನಮಗೆ ಮೂರು ಲಕ್ಷ ರೂಪಾಯಿ ಕೊಡಲು ಮುಂದೆ ಬಂದಿದ್ದಾರೆ. ಅವರ ತಾಯಿ ಲಕ್ವಾ ಹೊಡೆದು ಮೂರು ವರ್ಷ ಹಾಸಿಗೆ ಹಿಡಿದು ತೀರಿಕೊಂಡರು. ಆ ತಾಯಿಯ ಮೊದಲ ವರ್ಷದ ಪುಣ್ಯಸ್ಮರಣೆಯ ದಿನ ಕಲ್ಯಾಣ ಮಂಟಪವೊಂದರಲ್ಲಿ ನಲವತ್ತು ಗಾಲಿಕುರ್ಚಿಗಳನ್ನು ಹಂಚಬೇಕು, ಪೂಜ್ಯರನ್ನು ಕರೆಸಬೇಕು, ಸಾವಿರ ಜನರಿಗೆ ಪ್ರಸಾದವಾಗಬೇಕು ಎಂಬುದು ಅವರ ಬಯಕೆ. ಪ್ರಸಾದದ ಖರ್ಚು ಬೇರೆ, ಅದು ಅವರ ಮನೆಯದೇ. ಬಯಕೆಯಲ್ಲಿ ತಪ್ಪೇನೂ ಇಲ್ಲ. ಆದರೆ ಇದೇ ಹಣದಲ್ಲಿ ಒಬ್ಬ ಫಿಸಿಯೋಥೆರಪಿಸ್ಟ್ ವಾರಕ್ಕೆ ಎರಡು ದಿನ ಬಾಡಿಗೆಯ ವಾಹನದಲ್ಲಿ ಹಳ್ಳಿಗಳ ಮನೆಗಳಿಗೆ ಹೋಗಿಬರಲು ಸಾಧ್ಯ. ನಮ್ಮ ಅಂದಾಜಿನ ಪ್ರಕಾರ ಒಂದು ವರ್ಷ ನಡೆಯುತ್ತದೆ. ಆಡಳಿತ ಮಂಡಳಿಯಲ್ಲಿ ಅರ್ಧ ಜನ ಆ ಕಡೆ, ಅರ್ಧ ಜನ ಈ ಕಡೆ ಆಗಿದ್ದಾರೆ.

ನನ್ನ ಅಳುಕಿಗೆ ಒಂದು ಕಾರಣವಿದೆ. ಎರಡು ವರ್ಷಗಳ ಹಿಂದೆ ನಾವು ಹನ್ನೆರಡು ಕುರ್ಚಿಗಳನ್ನು ಹಂಚಿದ್ದೆವು. ಆಮೇಲೆ ಏಳು ಮನೆಗಳಿಗೆ ನಾನೇ ಹೋಗಿ ನೋಡಿದೆ. ಮೂರು ಮನೆಗಳಲ್ಲಿ ಕುರ್ಚಿ ನಿತ್ಯ ಬಳಕೆಯಲ್ಲಿತ್ತು. ಒಂದು ಮನೆಯಲ್ಲಿ ಅದರ ಮೇಲೆ ಜೋಳದ ಚೀಲವನ್ನು ಕೂಡಿಸಿದ್ದರು, ಚೀಲಕ್ಕೆ ನೆಲದ ತೇವ ತಾಗುವುದಿಲ್ಲ ಎಂದರು. ಇನ್ನೊಂದು ಮನೆಯಲ್ಲಿ ಅಜ್ಜ ಅಂಗಳದಲ್ಲಿ ಅದನ್ನೇ ಹಾಕಿಕೊಂಡು ಕೂತಿದ್ದರು, ಮಗು ಒಳಗೆ ಕೌದಿಯ ಮೇಲೆ ಮಲಗಿತ್ತು. ಉಳಿದ ಎರಡು ಮನೆಗಳಿಗೆ ಬೀಗ ಬಿದ್ದಿತ್ತು. ದುಡಿಯಲು ಪುಣೆಗೆ ಹೋಗಿದ್ದಾರೆಂದು ಓಣಿಯವರು ಹೇಳಿದರು. ಬಲ್ಲವರು ದಯಮಾಡಿ ವಿವರವಾಗಿ ಬರೆಯಬೇಕು.

ಒಬ್ಬ ತಾಯಿ, ಜೇವರ್ಗಿ ತಾಲ್ಲೂಕು:

ಸರ್, ಜೋಳದ ಚೀಲದ ಮನೆ ನಮ್ಮದಲ್ಲ, ಆದರೆ ನಮ್ಮದೂ ಆಗಬಹುದಿತ್ತು. ನನ್ನ ಮಗನಿಗೆ ಈಗ ಹನ್ನೊಂದು ವರ್ಷ. ಹುಟ್ಟಿದಾಗ ಅಳಲಿಲ್ಲ, ಮಿದುಳಿಗೆ ಆಮ್ಲಜನಕ ಕಡಿಮೆ ಆಯಿತು ಎಂದು ಡಾಕ್ಟರು ಹೇಳಿದರು. ಕುತ್ತಿಗೆ ನಿಲ್ಲುವುದಿಲ್ಲ, ಕಾಲುಗಳು ಕತ್ತರಿಯಂತೆ ಒಂದರ ಮೇಲೊಂದು ಬರುತ್ತವೆ. ಅವನಿಗೆ ಆರು ವರ್ಷವಿದ್ದಾಗ ಒಂದು ಶಿಬಿರದಲ್ಲಿ ದೊಡ್ಡವರ ಕುರ್ಚಿಯನ್ನು ಕೊಟ್ಟರು. ಕೂಡಿಸಿದರೆ ಒಂದು ಕಡೆ ಜಾರುತ್ತಿದ್ದ. ಸೀರೆಯಿಂದ ಎದೆಗೆ ಕಟ್ಟಿದರೆ ಮುಂದಕ್ಕೆ ಬಾಗಿ ಉಸಿರು ಕಟ್ಟಿದಂತೆ ಮಾಡುತ್ತಿದ್ದ. ನಮ್ಮ ಮನೆಯ ಹೊಸ್ತಿಲು ಒಂದು ಗೇಣು ಎತ್ತರ, ಅಂಗಳಕ್ಕೆ ಹಾಸಿದ ಶಹಾಬಾದ ಕಲ್ಲು ಮೂರು ಕಡೆ ಎದ್ದಿದೆ. ಕುರ್ಚಿಯ ಮುಂದಿನ ಸಣ್ಣ ಗಾಲಿಗಳು ಆ ಸಂದಿಯಲ್ಲಿ ಸಿಕ್ಕಿಕೊಂಡರೆ ಕುರ್ಚಿಯನ್ನು ಮಗನ ಸಮೇತ ಎತ್ತಬೇಕು. ಅದಕ್ಕಿಂತ ಮಗನನ್ನು ಒಬ್ಬನನ್ನೇ ಎತ್ತುವುದು ಹಗುರ ಎನಿಸಿ ಬಿಟ್ಟುಬಿಟ್ಟೆ.

ಮನೆಗೆ ಯಾರಾದರೂ ಬರುವುದು ನನಗೆ ಯಾಕೆ ಬೇಕು ಎಂದರೆ, ಒಮ್ಮೆ ಕಲಬುರಗಿಯಿಂದ ಒಬ್ಬ ಅಕ್ಕ ಬಂದು ಅರ್ಧ ದಿನ ಕೂತರು. ಔಷಧ ಕೊಡಲಿಲ್ಲ, ಯಂತ್ರ ತರಲಿಲ್ಲ. ಮಗನಿಗೆ ನಾನು ಊಟ ಮಾಡಿಸುವುದನ್ನು ಸುಮ್ಮನೆ ನೋಡಿದರು. ನಾನು ಅವನನ್ನು ತೊಡೆಯ ಮೇಲೆ ಅಂಗಾತ ಮಲಗಿಸಿ ಗಂಜಿ ಹಾಕುತ್ತಿದ್ದೆ, ಹುಟ್ಟಿದಾಗಿನಿಂದ ಹಾಗೆಯೇ. ‘ಹಾಂಗ ಹಾಕಬ್ಯಾಡ್ರಿ ಅಕ್ಕಾ, ಗಂಜಿ ಗಾಳಿನಳಗಿ ಹೋಗ್ತದ, ಅದಕ್ಕ ಇವಂಗ ಪದೇ ಪದೇ ಕೆಮ್ಮು, ಕಫ’ ಎಂದು ಹೇಳಿ, ಗೋಡೆಯ ಮೂಲೆಗೆ ಎರಡು ದಿಂಬಿಟ್ಟು ಕೂಡಿಸಿ, ಗದ್ದವನ್ನು ಸ್ವಲ್ಪ ಕೆಳಗೆ ಮಾಡಿ, ಚಮಚವನ್ನು ಎದುರಿನಿಂದ ತರುವುದನ್ನು ಕಲಿಸಿದರು. ಪ್ರತಿ ಮಳೆಗಾಲದಲ್ಲಿ ಎರಡು ಮೂರು ಸಲ ನಿಮೋನಿಯಾ ಎಂದು ಆಸ್ಪತ್ರೆಗೆ ಓಡುತ್ತಿದ್ದವರು, ಆ ವರ್ಷ ಒಂದೇ ಸಲ ಹೋದೆವು. ಆ ಅಕ್ಕ ಮತ್ತೆ ಬರಲಿಲ್ಲ, ಅವರ ಯೋಜನೆ ಮುಗಿಯಿತಂತೆ.

ಇನ್ನೊಂದು ಮಾತನ್ನು ಬರೆಯಲು ಸಂಕೋಚವಾಗುತ್ತದೆ. ವಾರದಲ್ಲಿ ಎರಡು ತಾಸು ಯಾರಾದರೂ ಅವನ ಹತ್ತಿರ ಕೂತರೆ ನಾನು ತಲೆಗೆ ಎರೆದುಕೊಂಡು ನಿದ್ದೆ ಮಾಡುತ್ತೇನೆ. ಅದನ್ನು ದಾನ ಕೊಡುವವರು ಯಾರೂ ಇಲ್ಲ.

ಫಿಸಿಯೋಥೆರಪಿಸ್ಟ್, ಬೀದರ್:

ಅಕ್ಕಾವರ ಬರಹದಲ್ಲೇ ಅರ್ಧ ಉತ್ತರವಿದೆ. ಗಾಲಿಕುರ್ಚಿಯು ಚಪ್ಪಲಿಯಂತೆ ಅಳತೆಗೆ ತಕ್ಕಂತೆ ಇರಬೇಕಾದ ವಸ್ತು ಎಂಬುದು ಹಂಚುವವರಿಗೆ ಹೊಳೆಯುವುದಿಲ್ಲ. ಸೊಂಟದ ಅಗಲ, ಸೊಂಟದ ಹಿಂಬದಿಯಿಂದ ಮಂಡಿಯ ಹಿಂಭಾಗದವರೆಗಿನ ಉದ್ದ, ಮಂಡಿಯಿಂದ ಹಿಮ್ಮಡಿಯವರೆಗಿನ ಎತ್ತರ, ಇಷ್ಟನ್ನಾದರೂ ಟೇಪು ಹಿಡಿದು ಅಳೆಯಬೇಕು. ಆಸನ ಅಗಲವಾದರೆ ಮಗು ಒಂದು ಪಕ್ಕಕ್ಕೆ ವಾಲಿ ವಾಲಿ ಬೆನ್ನುಮೂಳೆಯೇ ಸೊಟ್ಟಗಾಗುತ್ತದೆ. ಪಾದ ಇಡುವ ಹಲಗೆ ಕೆಳಗಿದ್ದರೆ ಪಾದಗಳು ನೇತಾಡಿ, ಮೀನಖಂಡದ ಸ್ನಾಯುಗಳು ಬಿಗಿದುಕೊಳ್ಳುತ್ತವೆ. ಕುತ್ತಿಗೆ ನಿಲ್ಲದ ಮಗುವಿಗೆ ಆಸನವೇ ಹಿಂದಕ್ಕೆ ಬಾಗುವ, ತಲೆಗೆ ಮತ್ತು ಪಕ್ಕಗಳಿಗೆ ಆಧಾರವಿರುವ ಸಿ.ಪಿ. (ಸೆರೆಬ್ರಲ್ ಪಾಲ್ಸಿ) ಕುರ್ಚಿಯೇ ಬೇಕು; ಆಸ್ಪತ್ರೆಯ ವರಾಂಡದಲ್ಲಿ ಕಾಣುವ ಮಡಚುವ ಕುರ್ಚಿ ಅದಕ್ಕೆ ಬದಲಿಯಲ್ಲ. ಬೆನ್ನುಹುರಿಗೆ ಪೆಟ್ಟು ಬಿದ್ದು ಸೊಂಟದ ಕೆಳಗೆ ಸ್ಪರ್ಶವಿಲ್ಲದ ಯುವಕರಿಗೆ ಕುರ್ಚಿಗಿಂತ ಅದರ ಮೇಲಿನ ಮೆತ್ತೆ ಮುಖ್ಯ. ಮೆತ್ತೆಯಿಲ್ಲದೆ ಕೂತವರಿಗೆ ಒತ್ತಡದ ಹುಣ್ಣಾಗಿ, ಅದು ಎಲುಬಿನವರೆಗೆ ಇಳಿದು, ಜೀವಕ್ಕೇ ಕುತ್ತು ತಂದದ್ದನ್ನು ಕಂಡಿದ್ದೇನೆ. ಮಲಗಿದಲ್ಲೇ ಇರುವವರನ್ನು ಎರಡು ತಾಸಿಗೊಮ್ಮೆ ಮಗ್ಗಲು ಬದಲಿಸಬೇಕೆಂದು ಮನೆಯವರಿಗೆ ಕಲಿಸುವುದಕ್ಕೆ ಒಂದು ರೂಪಾಯಿಯ ಸಾಮಾನೂ ಬೇಕಿಲ್ಲ, ಕಲಿಸುವವರು ಮನೆಗೆ ಹೋಗಬೇಕು, ಅಷ್ಟೆ.

ಇನ್ನೊಂದು ವಿಷಯ. ಕೇಂದ್ರ ಸರ್ಕಾರದ ಎ.ಡಿ.ಐ.ಪಿ. ಯೋಜನೆಯಡಿ ಕಾನ್ಪುರದ ಅಲಿಮ್ಕೊ ಸಂಸ್ಥೆಯು ತಯಾರಿಸಿದ ಗಾಲಿಕುರ್ಚಿ, ತ್ರಿಚಕ್ರ ವಾಹನ, ಕಾಲಿಗೆ ಆಧಾರವಾಗಿ ಕಟ್ಟುವ ಕ್ಯಾಲಿಪರ್, ಶ್ರವಣ ಸಾಧನಗಳು ಆದಾಯ ಕಡಿಮೆಯಿರುವವರಿಗೆ ಉಚಿತವಾಗಿ ಸಿಗುತ್ತವೆ. ಮೊದಲು ತಪಾಸಣಾ ಶಿಬಿರ, ಕೆಲವು ತಿಂಗಳ ನಂತರ ವಿತರಣಾ ಶಿಬಿರ, ಇದು ಅದರ ಕ್ರಮ. ಒಮ್ಮೆ ಪಡೆದವರು ಅದೇ ಬಗೆಯ ಸಾಧನವನ್ನು ಮೂರು ವರ್ಷ ಮತ್ತೆ ಪಡೆಯುವಂತಿಲ್ಲ. ಮಕ್ಕಳು ಬೆಳೆಯುತ್ತಾರಾದ್ದರಿಂದ ಹನ್ನೆರಡು ವರ್ಷದೊಳಗಿನವರಿಗೆ ಈ ಅವಧಿ ಒಂದೇ ವರ್ಷ. ಹೀಗಿರುವಾಗ ಸರ್ಕಾರ ಕೊಡುವುದನ್ನೇ ದಾನಿಯ ಹಣದಲ್ಲಿ ಮತ್ತೆ ಕೊಂಡು ಹಂಚುವುದಕ್ಕಿಂತ, ಆ ತಪಾಸಣಾ ಶಿಬಿರದ ದಿನಾಂಕವನ್ನು ಹಳ್ಳಿಗೆ ಮುಟ್ಟಿಸಿ, ಮಕ್ಕಳನ್ನು ವಾಹನದಲ್ಲಿ ಕರೆತಂದು, ಬಂದ ಕುರ್ಚಿಯನ್ನು ಮಗುವಿನ ಮೈಗೆ ಹೊಂದಿಸಿಕೊಡುವುದು ಜಾಣತನ. ಪ್ಲೈವುಡ್ ಮತ್ತು ಫೋಮಿನಿಂದ ಆಸನವನ್ನು ಕಿರಿದು ಮಾಡುವುದನ್ನು ಊರಿನ ಬಡಿಗರಿಗೆ ತೋರಿಸಿಕೊಟ್ಟರೆ ಅವರೇ ಮಾಡುತ್ತಾರೆ. ಅಕ್ಕಾವರ ಅಂಗಳದ ಕಲ್ಲುಗಳನ್ನು ಮರಳಿ ಕೂಡಿಸುವುದೂ ಚಿಕಿತ್ಸೆಯೇ.

ಬೇಳೆ ವ್ಯಾಪಾರಿ, ಕಲಬುರಗಿ:

ನಾನು ಈ ದಾನಿಯಲ್ಲ, ಅದೇ ವೃತ್ತಿಯವನು. ಇಲ್ಲಿ ಬರೆದವರೆಲ್ಲ ಬಲ್ಲವರು, ನಿಮ್ಮ ಮಾತು ಸರಿಯಿರಬಹುದು. ಆದರೂ ಸಮಾರಂಭವನ್ನು ಇಷ್ಟು ಹೀಗಳೆಯಬೇಡಿ. ನಮ್ಮದು ದಾಸೋಹದ ಊರು. ಶರಣಬಸವೇಶ್ವರರ ಹೆಸರಿನಲ್ಲಿ ಇಂದಿಗೂ ಇಲ್ಲಿ ಒಲೆ ಆರುವುದಿಲ್ಲ. ನಾಲ್ಕು ಜನರ ನಡುವೆ ಕೊಟ್ಟು, ನಾಲ್ಕು ಜನರ ಜೊತೆ ಉಂಡರೆ ಮಾತ್ರ ಕೊಟ್ಟಂತೆ ಎಂದು ನಮ್ಮ ಹಿರಿಯರು ಕಲಿಸಿದ್ದಾರೆ. ಸತ್ತ ತಾಯಿಯ ಹೆಸರಿನಲ್ಲಿ ಮಗ ಕಣ್ಣಿಗೆ ಕಾಣುವ ಕೆಲಸವೊಂದನ್ನು ಮಾಡಬೇಕೆಂದರೆ ಅದು ಪ್ರದರ್ಶನವಲ್ಲ. ಇನ್ನೂ ಒಂದು ಮಾತು, ನಾನು ಮೊದಲು ಒಂದು ಸಂಸ್ಥೆಗೆ ಹಣ ಕೊಟ್ಟದ್ದು ಅಂಥ ಸಮಾರಂಭವೊಂದರಲ್ಲಿ ಕೂತು ನೋಡಿದ ಮೇಲೆಯೇ. ವೇದಿಕೆಯೇ ಇಲ್ಲದಿದ್ದರೆ ನಾನು ಆ ಕಡೆ ತಲೆ ಹಾಕುತ್ತಿರಲಿಲ್ಲ. ಥೆರಪಿಸ್ಟರ ಪಗಾರಕ್ಕೆ ಕೊಡಿ ಎಂದು ಕೇಳಿದರೆ, ನಮ್ಮ ಮಿಲ್ಲಿನ ಹಮಾಲರ ಪಗಾರವೇ ನಮಗೆ ಸಾಕಾಗಿದೆ ಎನ್ನುವವರೇ ಹೆಚ್ಚು. ದಾನಿಯನ್ನು ತಿದ್ದುವ ಭರದಲ್ಲಿ ಅವರನ್ನೇ ಕಳೆದುಕೊಳ್ಳಬೇಡಿ.

ಗ್ರಾಮೀಣ ಪುನರ್ವಸತಿ ಕಾರ್ಯಕರ್ತ, ಯಾದಗಿರಿ ಜಿಲ್ಲೆ:

ಬೇಳೆ ವ್ಯಾಪಾರಿ ಸರ್ ಅವರ ಮಾತನ್ನು ಒಪ್ಪುತ್ತಲೇ ನೆಲದ ಸಂಗತಿಗಳನ್ನು ಹೇಳುತ್ತೇನೆ. ನಾನು ಗ್ರಾಮ ಪಂಚಾಯಿತಿ ಮಟ್ಟದ ವಿ.ಆರ್.ಡಬ್ಲ್ಯೂ., ಅಂದರೆ ಗ್ರಾಮೀಣ ಪುನರ್ವಸತಿ ಕಾರ್ಯಕರ್ತ. ನನಗೂ ಪೋಲಿಯೊದಿಂದ ಎಡಗಾಲು ಸೊರಗಿದೆ. ನಮ್ಮ ರಾಜ್ಯದಲ್ಲಿ ಈ ಕೆಲಸಕ್ಕೆ ವಿಕಲಚೇತನರನ್ನೇ ತೆಗೆದುಕೊಳ್ಳುತ್ತಾರೆ. ಪಂಚಾಯಿತಿಗೆ ಒಬ್ಬರು, ತಾಲ್ಲೂಕಿಗೆ ಒಬ್ಬ ಎಂ.ಆರ್.ಡಬ್ಲ್ಯೂ. (ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತ) ಇದ್ದೇವೆ. ಗೌರವಧನ ಎಷ್ಟೆಂದು ಕೇಳಬೇಡಿ.

ಹಳ್ಳಿಯ ಮನೆಗೆ ಹೋದಾಗ ಮೊದಲು ಕೇಳುವುದು ಕುರ್ಚಿಯನ್ನಲ್ಲ, ಪಗಾರವನ್ನು, ಅಂದರೆ ಮಾಸಾಶನವನ್ನು. ಶೇ 40ರಿಂದ 74ರವರೆಗಿನ ವಿಕಲತೆಗೆ ತಿಂಗಳಿಗೆ 800 ರೂಪಾಯಿ, ಶೇ 75 ಮತ್ತು ಅದಕ್ಕಿಂತ ಹೆಚ್ಚಿದ್ದರೆ 1,400 ರೂಪಾಯಿ. ಚಿಕ್ಕ ಮೊತ್ತವೇ, ಆದರೆ ಕಿರಾಣಿ ಅಂಗಡಿಯ ಉದ್ದರಿ ನಿಂತಿರುವುದು ಅದರ ಮೇಲೆ. ಅದಕ್ಕೆ ಯು.ಡಿ.ಐ.ಡಿ. ಕಾರ್ಡ್, ಅಂದರೆ ವಿಕಲಚೇತನರ ವಿಶಿಷ್ಟ ಗುರುತಿನ ಚೀಟಿ ಬೇಕು. ಕಾರ್ಡಿಗೆ ಜಿಲ್ಲಾಸ್ಪತ್ರೆಯ ವೈದ್ಯರ ತಪಾಸಣೆ ಬೇಕು. ಶೇ 40ಕ್ಕಿಂತ ಕಡಿಮೆಯಾದರೆ ಬಿಳಿ ಪಟ್ಟಿಯ ಕಾರ್ಡು, 40ರಿಂದ 80ರೊಳಗೆ ಹಳದಿ, ಅದರ ಮೇಲೆ ನೀಲಿ. ಹಳ್ಳಿಯಲ್ಲಿ ಜನ ‘ನಮ್ಮದು ನೀಲಿ’, ‘ನಮ್ಮದು ಹಳದಿ’ ಎಂದೇ ಮಾತಾಡುತ್ತಾರೆ. ಬೌದ್ಧಿಕ ವಿಕಲತೆಯಿದ್ದರೆ ಬುದ್ಧಿಮಾಪನ ಪರೀಕ್ಷೆಯೂ ಆಗಬೇಕು, ಅದಕ್ಕೆ ಒಂದೇ ದಿನದಲ್ಲಿ ಕೆಲಸವಾಗುವುದು ಅಪರೂಪ. ಕೂಲಿ ಬಿಟ್ಟು ಮೂರು ಸಲ ಹೋದವರು ನಾಲ್ಕನೆಯ ಸಲ ಹೋಗುವುದಿಲ್ಲ.

ಒಂದು ಉದಾಹರಣೆ ಕೊಡುತ್ತೇನೆ. ಒಂಬತ್ತು ವರ್ಷದ ಹುಡುಗಿ, ಸೆರೆಬ್ರಲ್ ಪಾಲ್ಸಿ, ಎರಡೂ ಕೈಗಳ ಮುಷ್ಟಿ ಬಿಗಿಯಾಗಿ ಮುಚ್ಚಿಕೊಂಡಿರುತ್ತದೆ. ಒಂದು ಆಧಾರ್ ಕೇಂದ್ರದಲ್ಲಿ ಬೆರಳಚ್ಚು ಬಾರದು ಎಂದು ಎರಡು ಸಲ ವಾಪಸು ಕಳಿಸಿದರು. ತಂದೆ ಅವಳ ಹೆಬ್ಬೆರಳನ್ನು ಬಿಡಿಸಲು ಬಲವಂತ ಮಾಡಿದಾಗ ಅವಳು ಕಿರುಚಿದ ಸದ್ದಿಗೆ ಸರದಿಯಲ್ಲಿದ್ದವರೆಲ್ಲ ಹೊರಗೆ ಹೋದರು. ಬೆರಳಚ್ಚು ಕೊಡಲಾಗದವರಿಗೆ ವಿನಾಯಿತಿಯೊಂದಿಗೆ ನೋಂದಣಿ ಮಾಡಬಹುದೆಂಬ ನಿಯಮ ಆಧಾರ್‌ನಲ್ಲೇ ಇದೆ. ಅದು ಗೊತ್ತಿದ್ದವರೊಬ್ಬರು ಜೊತೆಯಲ್ಲಿದ್ದರೆ ಸಾಕಿತ್ತು. ಮೂರನೆಯ ಸಲ ನಾನು ಹೋದೆ. ಮುಷ್ಟಿಯನ್ನು ಮುಟ್ಟದೆ, ವಿನಾಯಿತಿಗೆ ಬೇಕಾದ ಫೋಟೊ ತೆಗೆದು, ಅರ್ಧ ತಾಸಿನಲ್ಲಿ ಮುಗಿಯಿತು. ಆಧಾರ್ ಇಲ್ಲದೆ ಕಾರ್ಡಿಲ್ಲ, ಕಾರ್ಡಿಲ್ಲದೆ ಪಗಾರವಿಲ್ಲ. ಎರಡು ವರ್ಷದ ಮಾಸಾಶನ ಹೋದದ್ದು ಹೀಗೆ.

ಆದ್ದರಿಂದ ನಿಮ್ಮ ವಾಹನದಲ್ಲಿ ಫಿಸಿಯೋಥೆರಪಿಸ್ಟರ ಜೊತೆ ಕಾಗದಪತ್ರ ಬಲ್ಲ ಒಬ್ಬರನ್ನು ಕೂಡಿಸಿಕೊಳ್ಳಿ. ಒಂದೊಂದು ಮನೆಗೆ ಒಂದೊಂದು ಫೈಲು ಮಾಡಿ, ಅದರ ಒಂದು ಪ್ರತಿ ಆ ಮನೆಯಲ್ಲೇ ಇರಲಿ. ಗ್ರಾಮ ಪಂಚಾಯಿತಿಯು ತನ್ನ ಸ್ವಂತ ಸಂಪನ್ಮೂಲದಲ್ಲಿ ಶೇ 5ರಷ್ಟನ್ನು ವಿಕಲಚೇತನರಿಗೆಂದು ತೆಗೆದಿಡಬೇಕು. ಆ ಹಣದಲ್ಲಿ ಶೌಚಾಲಯಕ್ಕೆ ಹಿಡಿಕೆ, ಬಾಗಿಲಿಗೆ ಇಳಿಜಾರು ಮಾಡಿಸಬಹುದು. ಕೇಳುವವರಿಲ್ಲದಿದ್ದರೆ ಅದು ವರ್ಷದ ಕೊನೆಯಲ್ಲಿ ನಾಲ್ಕು ಜನರಿಗೆ ಕಂಬಳಿಯಾಗಿ ಹೋಗುತ್ತದೆ. ತೊಗರಿಯ ರಾಶಿ ಮುಗಿದ ಮೇಲೆ ಅರ್ಧ ಊರು ಬೆಂಗಳೂರು, ಮುಂಬಯಿ, ಹೈದರಾಬಾದಿಗೆ ಗುಳೆ ಹೋಗುತ್ತದೆ ಎಂಬುದನ್ನೂ ಮರೆಯಬೇಡಿ. ಭೇಟಿಗಳನ್ನು ಜೂನ್‌ನಿಂದ ಜನವರಿಯವರೆಗೆ ಒತ್ತಾಗಿ ಇಟ್ಟುಕೊಳ್ಳಿ.

ಶಿಕ್ಷಕ, ಹುಮನಾಬಾದ್:

ನನಗೆ ಹುಟ್ಟಿನಿಂದ ದೃಷ್ಟಿಯಿಲ್ಲ. ಸ್ಕ್ರೀನ್ ರೀಡರ್ ಸಹಾಯದಿಂದ ಈ ಚರ್ಚೆಯನ್ನು ಪೂರ್ತಿ ಕೇಳಿಸಿಕೊಂಡೆ. ವ್ಯಾಪಾರಿ ಮಹನೀಯರು ವೇದಿಕೆಯ ಈಚೆಯಿಂದ ಕಂಡದ್ದನ್ನು ಹೇಳಿದರು, ನಾನು ವೇದಿಕೆಯ ಮೇಲಿನಿಂದ ಹೇಳುತ್ತೇನೆ. ಎಂಟನೆಯ ತರಗತಿಯಲ್ಲಿದ್ದಾಗ ಬಿಳಿಕೋಲು ಕೊಡುತ್ತೇವೆಂದು ನಮ್ಮನ್ನು ಬೆಳಿಗ್ಗೆ ಒಂಬತ್ತಕ್ಕೆ ಕರೆತಂದರು. ಮುಖ್ಯ ಅತಿಥಿ ಬಂದದ್ದು ಮಧ್ಯಾಹ್ನ ಎರಡಕ್ಕೆ. ಹೆಸರು ಕರೆದಾಗ ಯಾರೋ ತೋಳು ಹಿಡಿದು ಎಳೆದುಕೊಂಡು ಹೋಗಿ ನಿಲ್ಲಿಸಿದರು, ಕೋಲನ್ನು ಕೈಗೆ ಕೊಟ್ಟರು, ‘ಈ ಕಡೆ ನೋಡು’ ಎಂದರು. ಯಾವ ಕಡೆ ಎಂದು ಕೇಳಿದ್ದಕ್ಕೆ ಸಭೆಯಲ್ಲಿ ಕೆಲವರು ನಕ್ಕರು. ಕೋಲನ್ನು ಹೇಗೆ ಬಳಸಬೇಕೆಂದು ಕಲಿಸಿದವರು ಅದಾದ ಮೂರು ವರ್ಷಕ್ಕೆ ಸಿಕ್ಕರು. ಊಟ ಮಾತ್ರ ಚೆನ್ನಾಗಿತ್ತು, ಹುಗ್ಗಿ ಮಾಡಿದ್ದರು, ಇಲ್ಲವೆನ್ನಲಾರೆ.

ಕಾರ್ಯದರ್ಶಿಗಳಿಗೆ ನನ್ನ ಪ್ರಶ್ನೆ ಬೇರೆ. ನಿಮ್ಮ ಆಡಳಿತ ಮಂಡಳಿಯಲ್ಲಿ ಸ್ವತಃ ವಿಕಲಚೇತನರಾದವರು ಎಷ್ಟು ಜನ ಇದ್ದಾರೆ? ಪಾಲಕರು ಮಕ್ಕಳ ಪರವಾಗಿ ದುಡಿಯುತ್ತಾರೆ, ಅದರಲ್ಲಿ ಸಂಶಯವಿಲ್ಲ. ಆದರೆ ಮಕ್ಕಳು ಎಂದೆಂದಿಗೂ ಮಕ್ಕಳಾಗಿರುವುದಿಲ್ಲ. ವಿಕಲಚೇತನರ ಹಕ್ಕುಗಳ 2016ರ ಕಾಯ್ದೆಯು 1995ರ ಕಾಯ್ದೆಯಲ್ಲಿದ್ದ ವಿಕಲತೆಯ ಏಳು ಬಗೆಗಳನ್ನು ಇಪ್ಪತ್ತೊಂದಕ್ಕೆ ಏರಿಸಿತು, ಸರ್ಕಾರಿ ಹುದ್ದೆಗಳಲ್ಲಿ ಶೇ 4ರ ಮೀಸಲಾತಿಯನ್ನು ಕೊಟ್ಟಿತು, ಆರರಿಂದ ಹದಿನೆಂಟು ವರ್ಷದವರೆಗೆ ಉಚಿತ ಶಿಕ್ಷಣದ ಹಕ್ಕನ್ನು ಕೊಟ್ಟಿತು. ಇವೆಲ್ಲ ಹಕ್ಕು ಎಂಬ ಪದದಲ್ಲಿ ಬಂದಿವೆ. ನಿಮ್ಮ ಬರಹದಲ್ಲಿ ಹಂಚುವುದು ಎಂಬ ಪದವೇ ಹೆಚ್ಚು ಕೇಳಿಸಿತು. ಹೆಸರಿನ ವಿಷಯದಲ್ಲಿ ನನಗೆ ಜಗಳವಿಲ್ಲ. ಅಂಗವಿಕಲ, ವಿಕಲಚೇತನ, ವಿಶೇಷಚೇತನ, ದಿವ್ಯಾಂಗ ಎಂದು ನಾಲ್ಕು ಸಲ ನನ್ನ ಹೆಸರು ಬದಲಾಯಿತು, ಬಸ್ ನಿಲ್ದಾಣದ ಮೆಟ್ಟಿಲು ಬದಲಾಗಲಿಲ್ಲ.

ನಿವೃತ್ತ ರೈಲ್ವೆ ನೌಕರ, ಶಹಾಬಾದ್:

ಗುರುಗಳೆ, ನಿಮ್ಮ ಮಾತು ನೇರವಾಗಿ ನನಗೇ ತಾಗಿತು. ನನ್ನ ಮಗಳಿಗೆ ಇಪ್ಪತ್ತಾರು ವರ್ಷ. ಬೌದ್ಧಿಕ ವಿಕಲತೆಯಿದೆ. ಹೂ ಕಟ್ಟುತ್ತಾಳೆ, ಮನೆ ಗುಡಿಸುತ್ತಾಳೆ, ಹಣದ ಲೆಕ್ಕ ಬಾರದು. ನಮಗಿಬ್ಬರಿಗೂ ಎಪ್ಪತ್ತರ ಹತ್ತಿರ. ರಾತ್ರಿ ನಮ್ಮಿಬ್ಬರ ನಡುವೆ ನಡೆಯುವ ಮಾತು ಒಂದೇ, ನಾವು ಹೋದ ಮೇಲೆ ಹೇಗೆ ಎಂಬುದು. ಈ ಚರ್ಚೆಯಲ್ಲಿ ಕುರ್ಚಿ ಬಂತು, ಕಾರ್ಡು ಬಂತು, ಇದು ಬರಲಿಲ್ಲ.

ಅವಳಿಗೆ ಹದಿನೆಂಟು ತುಂಬಿದಾಗ ಒಂದು ಬ್ಯಾಂಕಿನಲ್ಲಿ, ಇನ್ನು ಅವಳ ಖಾತೆಯನ್ನು ನೀವು ನಡೆಸುವಂತಿಲ್ಲ ಎಂದರು. ನನಗೆ ಸಿಟ್ಟು ಬಂತು, ಹೆತ್ತವನು ನಾನಲ್ಲವೇ ಎಂದು ಕೂಗಾಡಿದೆ. ಆಮೇಲೆ ತಿಳಿಯಿತು, ಕಾನೂನಿನ ಪ್ರಕಾರ ಹದಿನೆಂಟರ ನಂತರ ತಂದೆ–ತಾಯಿ ಸಹಜ ಪೋಷಕರಾಗಿ ಉಳಿಯುವುದಿಲ್ಲ. 1999ರ ರಾಷ್ಟ್ರೀಯ ನ್ಯಾಸ (ನ್ಯಾಷನಲ್ ಟ್ರಸ್ಟ್) ಕಾಯ್ದೆಯಡಿ ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ವಿಕಲತೆ, ಬಹುವಿಕಲತೆ ಇರುವವರಿಗೆ ಮಾತ್ರ ಜಿಲ್ಲಾಧಿಕಾರಿಗಳಿರುವ ಸ್ಥಳೀಯ ಮಟ್ಟದ ಸಮಿತಿಯು ಕಾನೂನುಬದ್ಧ ಪೋಷಕರನ್ನು ನೇಮಿಸುತ್ತದೆ. ಆ ಸಮಿತಿಯಲ್ಲಿ ನೋಂದಾಯಿತ ಸಂಸ್ಥೆಯ ಪ್ರತಿನಿಧಿಯೊಬ್ಬರು, ವಿಕಲಚೇತನರೊಬ್ಬರು ಸದಸ್ಯರಾಗಿರುತ್ತಾರೆ. ಇದನ್ನು ನನಗೆ ಹೇಳಿದ್ದು ಬೌದ್ಧಿಕ ವಿಕಲತೆಗೆಂದೇ ಇರುವ ಸಿಕಂದರಾಬಾದಿನ ರಾಷ್ಟ್ರೀಯ ಸಂಸ್ಥೆಯಲ್ಲಿ ಮಗಳನ್ನು ತೋರಿಸಲು ಹೋದಾಗ ಪಕ್ಕದಲ್ಲಿ ಕೂತಿದ್ದ ಇನ್ನೊಬ್ಬ ತಂದೆ. ಯಾವ ಕಚೇರಿಯೂ ಅಲ್ಲ. ಅದೇ ನ್ಯಾಸದ ನಿರಾಮಯ ಆರೋಗ್ಯ ವಿಮೆಯಲ್ಲಿ ವರ್ಷಕ್ಕೆ ಒಂದು ಲಕ್ಷ ರೂಪಾಯಿಯವರೆಗೆ ರಕ್ಷಣೆಯಿದ್ದು, ಥೆರಪಿಯ ಖರ್ಚೂ ಅದರಲ್ಲಿ ಬರುತ್ತದೆ. ನನ್ನಂಥ ರೈಲ್ವೆಯವರ ವಿಕಲಚೇತನ ಮಕ್ಕಳು ಸ್ವಂತ ದುಡಿಮೆಯಲ್ಲಿ ಬದುಕಲಾರದವರಾದರೆ ಅವರಿಗೆ ಕುಟುಂಬ ಪಿಂಚಣಿ ಜೀವನಪೂರ್ತಿ ಸಿಗುತ್ತದೆ. ಅದನ್ನು ನಾವು ಬದುಕಿರುವಾಗಲೇ ಸೇವಾ ದಾಖಲೆಯಲ್ಲಿ ಸೇರಿಸಿಡಬೇಕು. ವಾಡಿ, ಶಹಾಬಾದಿನ ನನ್ನ ಹಳೆಯ ಸಂಗಾತಿಗಳಲ್ಲಿ ಇಬ್ಬರಿಗೆ ಇದು ಗೊತ್ತೇ ಇರಲಿಲ್ಲ.

ನಿಮ್ಮ ವಾಹನವು ಹತ್ತು ಮನೆಗಳಿಗೆ ಹೋಗಿ ಪೋಷಕತ್ವದ ಅರ್ಜಿಯೊಂದನ್ನೇ ತುಂಬಿಸಿದರೂ ಆ ಹತ್ತು ಮನೆಗಳವರು ಸ್ವಲ್ಪ ನಿದ್ದೆ ಮಾಡುತ್ತಾರೆ.

ಶಿಕ್ಷಕ, ಹುಮನಾಬಾದ್:

ಹಿರಿಯರೆ, ನಿಮ್ಮ ಮಗಳ ವಿಷಯದಲ್ಲಿ ಅದು ಸರಿಯಾದ ದಾರಿ. ಒಂದು ಎಚ್ಚರವನ್ನು ಮಾತ್ರ ಸೇರಿಸುತ್ತೇನೆ, ವಾಹನದಲ್ಲಿ ಹೋಗುವವರು ಎಲ್ಲ ಮನೆಗಳಲ್ಲೂ ಪೋಷಕತ್ವದ ಅರ್ಜಿ ತುಂಬಿಸಬಾರದು. ಕಾಲು ಬಾರದವರಿಗೆ, ಕಣ್ಣು ಕಾಣದವರಿಗೆ ಪೋಷಕರು ಬೇಕಿಲ್ಲ. ಚೆಕ್ಕಿಗೆ ನಾನೇ ಸಹಿ ಮಾಡುತ್ತೇನೆ. 2016ರ ಕಾಯ್ದೆಯಲ್ಲಿರುವ ಸೀಮಿತ ಪೋಷಕತ್ವವೂ ಪರಸ್ಪರ ಚರ್ಚಿಸಿ, ಇಬ್ಬರೂ ಕೂಡಿ ನಿರ್ಧರಿಸುವಂಥದ್ದು.

ಲೆಕ್ಕಪರಿಶೋಧಕ, ಕಲಬುರಗಿ:

ಹಣದ ಭಾಗವನ್ನು ನಾನು ಹೇಳುತ್ತೇನೆ. ದಾನಿಯು ದಾನಕ್ಕೆ ಆದಾಯ ತೆರಿಗೆ ವಿನಾಯಿತಿ ಬಯಸಿದರೆ 2,000 ರೂಪಾಯಿಗಿಂತ ಹೆಚ್ಚಿನ ನಗದನ್ನು ತೆಗೆದುಕೊಳ್ಳಬೇಡಿ, ಬ್ಯಾಂಕಿನ ಮೂಲಕವೇ ಬರಲಿ. ವರ್ಷ ಮುಗಿದ ಮೇಲೆ ಅದಕ್ಕೆ ಬೇಕಾದ ದಾನದ ಪ್ರಮಾಣಪತ್ರವನ್ನು ಕೊಡುವುದು ನಿಮ್ಮ ಹೊಣೆ. ಹಣವನ್ನು ಯಾವ ಉದ್ದೇಶಕ್ಕೆಂದು ಕೊಡುತ್ತಿದ್ದಾರೆ ಎಂಬುದನ್ನು ಅವರಿಂದ ಪತ್ರದಲ್ಲಿ ಬರೆಸಿಕೊಳ್ಳಿ. ಕುರ್ಚಿಗೆಂದು ಬಂದದ್ದನ್ನು ಪಗಾರಕ್ಕೆ ಬಳಸಿದರೆ ಉದ್ದೇಶ ಒಳ್ಳೆಯದಿದ್ದರೂ ಅದು ನಂಬಿಕೆ ಮುರಿದಂತೆ.

ನನ್ನ ನಿಜವಾದ ಆತಂಕ ಎರಡನೆಯ ವರ್ಷದ್ದು. ಜೇವರ್ಗಿಯ ತಾಯಿ ಬರೆದರಲ್ಲ, ಆ ಅಕ್ಕ ಮತ್ತೆ ಬರಲಿಲ್ಲ ಎಂದು. ಒಂದೇ ವರ್ಷದ ಹಣದಿಂದ ಮನೆಭೇಟಿ ಶುರುಮಾಡಿ ನಿಲ್ಲಿಸುವುದಾದರೆ ನೀವೂ ಅದನ್ನೇ ಮಾಡಿದಂತಾಗುತ್ತದೆ. ಆದ್ದರಿಂದ ಮೂರು ಲಕ್ಷವನ್ನು ಒಂದೇ ವರ್ಷಕ್ಕೆ ಹರಡದೆ, ವಾರಕ್ಕೆ ಒಂದೇ ದಿನ ಎಂದು ಎರಡು ವರ್ಷಕ್ಕೆ ಎಳೆಯಿರಿ. ಭೇಟಿಯನ್ನು ತಾಯಿಗೆ ಕಲಿಸುವುದಕ್ಕೆಂದೇ ರೂಪಿಸಿ. ಆಗ ಥೆರಪಿಸ್ಟ್ ನಿಂತರೂ ಕಲಿತದ್ದು ಮನೆಯಲ್ಲಿ ಉಳಿಯುತ್ತದೆ. ಮೂರು ತಿಂಗಳಿಗೊಮ್ಮೆ ದಾನಿಗೆ ಎರಡು ಪುಟದ ವರದಿ ಕೊಡಿ. ಅದರಲ್ಲಿ ಮಕ್ಕಳ ಫೋಟೊ ಬೇಡ. ಎಷ್ಟು ಮನೆಗಳು, ಎಷ್ಟು ಭೇಟಿಗಳು, ಯಾವ ಮಗು ಮೊದಲ ಸಲ ಕೂತು ಉಂಡಿತು, ಎಷ್ಟು ಮಾಸಾಶನಗಳು ಶುರುವಾದವು, ಇಷ್ಟು ಸಾಕು. ವ್ಯಾಪಾರಿಗಳು ಲೆಕ್ಕವನ್ನು ಓದುತ್ತಾರೆ. ಅವರಿಗೆ ಅದನ್ನು ಓದಲು ಕೊಡದವರು ನಾವು.

ಪಾಲಕರ ಸಂಘದ ಕಾರ್ಯದರ್ಶಿ, ಕಲಬುರಗಿ:

ಹದಿನೈದು ದಿನಗಳ ನಂತರ ಬರೆಯುತ್ತಿದ್ದೇನೆ. ಮೊದಲು ಗುರುಗಳ ಪ್ರಶ್ನೆಗೆ ಉತ್ತರ, ನಮ್ಮ ಮಂಡಳಿಯಲ್ಲಿ ಒಂಬತ್ತು ಜನರಿದ್ದು, ಸ್ವತಃ ವಿಕಲಚೇತನರಾದವರು ಒಬ್ಬರೂ ಇರಲಿಲ್ಲ. ಕೇಳುವವರೆಗೆ ಅದು ನಮಗೆ ಕೊರತೆ ಎಂದೇ ತೋರಿರಲಿಲ್ಲ. ಮುಂದಿನ ಸಾಮಾನ್ಯ ಸಭೆಯಲ್ಲಿ ಇಬ್ಬರನ್ನು ತೆಗೆದುಕೊಳ್ಳಲು ತೀರ್ಮಾನಿಸಿದ್ದೇವೆ.

ದಾನಿಯ ಮನೆಗೆ ಮೂವರು ಹೋಗಿದ್ದೆವು. ಜೇವರ್ಗಿಯ ಅಕ್ಕಾವರು ಊಟದ ಬಗ್ಗೆ ಬರೆದದ್ದನ್ನು, ಅವರ ಊರು ಹೇಳದೆ, ಓದಿ ಹೇಳಿದೆ. ಸಾಹುಕಾರರು ಏನೂ ಹೇಳಲಿಲ್ಲ. ಚಹಾ ತಂದ ಅವರ ಮನೆಯವರು ಅಲ್ಲೇ ನಿಂತು ಕೇಳುತ್ತಿದ್ದರು. ‘ಅತ್ತೀಗಿ ಕುರ್ಚಿ ಇತ್ತು, ಬಚ್ಚಲ ಬಾಗಲದಾಗ ಹಿಡೀತಿರ್ಲಿಲ್ಲ. ಮೂರು ವರ್ಷ ನಾನೇ ಎತ್ತಿ ಒಯ್ದೀನಿ. ಈಗೂ ನಡ ಹಿಡೀತದ’ ಎಂದರು. ಹೇಗೆ ಎತ್ತಬೇಕೆಂದು ತಮಗೆ ಯಾರೂ ತೋರಿಸಿರಲಿಲ್ಲ ಎಂದೂ ಸೇರಿಸಿದರು. ಆಮೇಲೆ ಮಾತುಕತೆಯನ್ನು ನಡೆಸಿದ್ದು ಹೆಚ್ಚಾಗಿ ಅವರೇ.

ಕೊನೆಗೆ ನಿಂತದ್ದು ಹೀಗೆ. ಅಳತೆ ತೆಗೆದು, ಸರ್ಕಾರಿ ಯೋಜನೆಯಲ್ಲಿ ಸಿಗದವರಿಗೆ ಮಾತ್ರ ಎಂಟು ಸಿ.ಪಿ. ಕುರ್ಚಿಗಳು. ಉಳಿದ ಹಣದಲ್ಲಿ ವಾರಕ್ಕೊಂದು ದಿನದ ಮನೆಭೇಟಿ, ಫಿಸಿಯೋಥೆರಪಿಸ್ಟರ ಜೊತೆ ಕಾಗದಪತ್ರ ನೋಡುವ ಒಬ್ಬರು. ಪ್ರಸಾದ ಇದ್ದೇ ಇರುತ್ತದೆ, ಆದರೆ ಕಲ್ಯಾಣ ಮಂಟಪದಲ್ಲಿ ಅವರ ಮನೆಯ ಕಾರ್ಯವಾಗಿ. ಮಕ್ಕಳನ್ನು ವೇದಿಕೆ ಹತ್ತಿಸುವುದಿಲ್ಲ, ಕುರ್ಚಿಗಳು ನೇರವಾಗಿ ಮನೆಗೆ ಹೋಗುತ್ತವೆ. ವಾಹನದ ಮೇಲೆ ತಾಯಿಯ ಹೆಸರು ಬರೆಸಬೇಕೆಂದು ಸಾಹುಕಾರರು ಪಟ್ಟು ಹಿಡಿದಿದ್ದಾರೆ. ವಾಹನ ಬಾಡಿಗೆಯದು, ಮಾಲೀಕರು ಒಪ್ಪುತ್ತಿಲ್ಲ. ಬಟ್ಟೆಯ ಬ್ಯಾನರು ಕಟ್ಟಿದರೆ ಆದೀತೇ ಎಂದು ಕೇಳಿದ್ದೇವೆ, ಇನ್ನೂ ಉತ್ತರ ಬಂದಿಲ್ಲ. ಹಳ್ಳಿಗಳ ಮೊದಲ ಪಟ್ಟಿ ಸಿದ್ಧವಾಗುತ್ತಿದೆ. ಮಂಗಳವಾರ ಆದೀತೇ, ಅಕ್ಕಾವರೆ?

ಒಬ್ಬ ತಾಯಿ, ಜೇವರ್ಗಿ ತಾಲ್ಲೂಕು:

ಮಂಗಳವಾರ ನಮ್ಮೂರಲ್ಲಿ ಸಂತೆ ಸರ್, ಓಣಿಯ ಒಳಗೆ ವಾಹನ ಬರುವುದಿಲ್ಲ. ಬುಧವಾರ ಬನ್ನಿ, ಹತ್ತು ಗಂಟೆಯ ನಂತರ. ನಮ್ಮ ಓಣಿಯಲ್ಲಿ ಇನ್ನೂ ಇಬ್ಬರು ಮಕ್ಕಳಿದ್ದಾರೆ, ಒಬ್ಬಳ ತಾಯಿ ಯಾರ ಮುಂದೆಯೂ ಹೇಳಿಕೊಂಡಿಲ್ಲ. ಅವಳನ್ನೂ ಅವತ್ತು ನಮ್ಮ ಮನೆಗೆ ಕರೆದಿರುತ್ತೇನೆ. ಬರುವವರಿಗೆ ಒಂದು ಟೇಪು ತರಲು ಹೇಳಿ, ಹೊಸ್ತಿಲನ್ನೂ ಅಳೆಯಬೇಕು.